ನಾಳೆರಾಯ ಬೇಗ ಏಳುವ ಕಾರಣ

ಅಂಗಡಿಯ ಹಿಂದಿನ ಕೋಣೆ,
ಭಾನುವಾರ ಮಧ್ಯಾಹ್ನ

ಸೊಸೆಗೆ,

ಅತ್ತೆಯ ಆಶೀರ್ವಾದಗಳು. ಮೊದಲು 'ಪ್ರೀತಿಯ' ಎಂದು ಬರೆದು ಆಮೇಲೆ ಹೊಡೆದುಹಾಕಿದ್ದೇನೆ, ನಿನಗೆ ಕಾಣುತ್ತಿರಬಹುದು. ಪ್ರೀತಿ ಇಲ್ಲವೆಂದಲ್ಲ. ಈ ಕಾಗದದಲ್ಲಿ ನಿನ್ನನ್ನು ಒಂದು ಮಾತು ಕೇಳುವುದಿದೆ. ಕೇಳುವ ಮೊದಲೇ ಪ್ರೀತಿ ತೋರಿಸಿದರೆ ನೀನು ನಗುತ್ತಾ ಜಾರಿಕೊಳ್ಳುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ.

ನಿನ್ನ ಆರೋಗ್ಯ ಹೇಗಿದೆ? ದಿನವಿಡೀ ವಾರ್ಡಿನಲ್ಲಿ ನಿಂತು ನಿಂತು ಪಾದ ಊದುತ್ತದೆ ಎಂದಿದ್ದೆ. ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ. ಊರಿನವರಿಗೆಲ್ಲ ಕೈಕಾಲು ಆಡಿಸುವುದನ್ನು ಹೇಳಿಕೊಡುವ ಓದು ಓದುತ್ತೀಯ, ನಿನ್ನ ಕಾಲನ್ನು ನೀನು ನೋಡಿಕೊಳ್ಳುವುದಿಲ್ಲ. ಹಾಸ್ಟೆಲಿನ ಊಟ ಸೇರದಿದ್ದರೂ ಬಿಸಿಯಿದ್ದಾಗಲೇ ತಿನ್ನು. ನಿನ್ನ ಕೋಣೆಯ ಆ ಸೀನುವ ಹುಡುಗಿಯಿಂದ ದೂರ ಮಲಗು. ನಾನು ಚೆನ್ನಾಗಿದ್ದೇನೆ. ಮಂಡಿ ಚೆನ್ನಾಗಿದೆ, ಹೊಟ್ಟೆ ಚೆನ್ನಾಗಿದೆ, ಗಂಟಲು ಚೆನ್ನಾಗಿದೆ ಎಂದು ಎದುರಿನ ಬೀಗದ ಅಂಗಡಿಯವರು ದಿನಾ ಹೇಳುತ್ತಾರೆ, ನಾನು ಬೈಯುವುದು ಅವರ ಅಂಗಡಿಗೂ ಕೇಳಿಸುತ್ತದಂತೆ. ಕಣ್ಣಿನ ವಿಷಯ ಕೇಳಬೇಡ. ಅಕ್ಷರ ದೊಡ್ಡದಾಗಿದ್ದರೆ ಅದು ಪೆನ್ನಿನ ದೋಷ. ಸಾಲು ಓರೆಯಾಗಿದ್ದರೆ ಕಾಗದದ ದೋಷ. ಗೆರೆ ಹಾಕಿದ ಕಾಗದ ತಾ ಎಂದು ನಿನ್ನ ಗಂಡನಿಗೆ ಬಿಡಿಸಿ ಹೇಳಿದ್ದೆ. ಅಂಗಡಿಯವನು ಬರೀ ಬಿಳಿ ಹಾಳೆ ಕೊಟ್ಟು ಸಾಗಹಾಕಿದ್ದಾನೆ, ಇವನು ನೋಡದೆ ತಂದಿದ್ದಾನೆ. ಈಗಿನ ಅಂಗಡಿಯವರಿಗೆ ಮೋಸ ಮಾಡುವುದಕ್ಕೆ ನಾಚಿಕೆಯೇ ಇಲ್ಲ. ಬಲ್ಬಿನವನೂ ಅಷ್ಟೇ. ಹೊಸ ಬಲ್ಬು ಎಂದು ಕೊಟ್ಟ, ಹಳೆಯದಕ್ಕಿಂತ ಮಂಕು.

ನೀನು ಓದಲು ಹೊರಟ ದಿನ ಬಾಗಿಲಲ್ಲಿ ಗಾಡಿ ನಿಂತಿತ್ತು, ನೆನಪಿದೆಯಲ್ಲ. ಪೆಟ್ಟಿಗೆ ಹತ್ತಿಸಿಯಾದ ಮೇಲೆ ತಿರುಗಿ ಬಂದು ಎಲ್ಲರ ಎದುರಿಗೆ ಕೇಳಿದೆ, "ಅತ್ತೆ, ಕಣ್ಣಿನ ಆಪರೇಷನ್ ಯಾವಾಗ ಮಾಡಿಸ್ಕೋತೀರಿ? ಪೊರೆ ಗಟ್ಟಿ ಆಗ್ತಿದೆ, ಇನ್ನು ಮುಂದಕ್ಕೆ ಹಾಕ್ಬೇಡಿ ಅಂತ ಡಾಕ್ಟ್ರು ಹೇಳಿದಾರೆ." ನಾನೂ ಎಲ್ಲರ ಎದುರಿಗೇ ಹೇಳಿದೆ. ಆಪರೇಷನ್ ಆದ ಮೇಲೆ ಒಂದು ತಿಂಗಳಿಗಿಂತ ಹೆಚ್ಚು ಗಾಜು ಕೊಯ್ಯುವ ಮೇಜಿನ ಹತ್ತಿರ ಹೋಗಬಾರದಂತೆ, ಗಾಜಿನ ಪುಡಿ ಕಣ್ಣಿಗೆ ಬೀಳುತ್ತದಂತೆ. ಅಷ್ಟು ದಿನ ಅಂಗಡಿ ನಡೆಸುವವರು ಯಾರು, ನಿನ್ನ ಗಂಡನೇ? "ಅವನು ಒಂದು ಕೆಲಸನ ಹೇಳಿದ ದಿನಕ್ಕೆ ಮುಗಿಸಿ ಕೊಡೋದು ಕಲೀಲಿ, ಮಾರನೇ ದಿನವೇ ಹೋಗಿ ಕಣ್ಣು ಕುಯ್ಸಿಕೊಂಡು ಬರ್ತೀನಿ" ಎಂದೆ. ಬೀಗದವರು ನಕ್ಕರು, ಗಾಡಿಯವನೂ ನಕ್ಕ. ನೀನು ಮಾತ್ರ ನಗಲಿಲ್ಲ, "ಆಯ್ತು ಅತ್ತೆ, ಮಾತು ಮಾತೇ ತಾನೆ?" ಎಂದು ಗಾಡಿ ಹತ್ತಿದೆ. ನನಗೆ ಅವತ್ತೇ ಅನುಮಾನ ಬರಬೇಕಿತ್ತು.

ನಿನ್ನ ಗಂಡನ ವಿಷಯ ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಹೇಳದಿದ್ದರೆ ಮುಂದಿನದು ಸರಿಯಾಗಿ ಕೂರುವುದಿಲ್ಲ. ಬೀದಿಯವರು ಅವನನ್ನು ನಾಳೆರಾಯ ಎಂದು ಕರೆಯುತ್ತಾರೆ, ಅವನೂ ಓಗೊಡುತ್ತಾನೆ. ಫೋಟೋಗೆ ಕಟ್ಟು ಹಾಕಿಸಲು ಯಾರು ಬಂದರೂ ನಾಳೆ ಬನ್ನಿ. ನಾಳೆ ಬಂದರೆ ಗಾಜು ಬಂದಿಲ್ಲ. ಗಾಜು ಬಂದರೆ ಮರದ ಪಟ್ಟಿ ಒಣಗಿಲ್ಲ. ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟ ಆ ಮುಖಗಳನ್ನು ನೀನೇ ನೋಡಿದ್ದೀಯ. ಅಜ್ಜಂದಿರು, ಪದವಿ ಟೋಪಿ ಹಾಕಿಕೊಂಡ ಹುಡುಗಿಯರು, ಗುಂಪು ಫೋಟೋದ ಆಫೀಸಿನವರು, ಎಲ್ಲರೂ ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದರು. ಒಬ್ಬಳು ಮದುವೆಯ ಫೋಟೋ ಕೊಟ್ಟು ಹೋಗಿದ್ದವಳು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು, "ಇವನಿಗೆ ಮೀಸೆ ಬರೋದ್ರೊಳಗೆ ಕೊಡ್ತೀರಾ?" ಎಂದು ಕೇಳಿದಳು. ನಾನು ಭೂಮಿಗಿಳಿದು ಹೋದೆ. ಇವನು ಮಗುವಿನ ಗಲ್ಲ ಹಿಂಡಿ, "ನಾಳೆ ಅಕ್ಕಾ" ಎಂದ. ಅಷ್ಟೇಕೆ, ಬೀದಿಗೆಲ್ಲ ಕಟ್ಟು ಹಾಕುವ ಮನೆಯಲ್ಲಿ ನಿಮ್ಮಿಬ್ಬರ ಮದುವೆಯ ಫೋಟೋ ಇನ್ನೂ ಲಕೋಟೆಯಲ್ಲಿತ್ತು. ಹಿಂದಿನ ಕೋಣೆಯಲ್ಲಿ ಒಂದು ಮಡಿಸುವ ಮಂಚ. ಊಟವಾದ ಮೇಲೆ "ಐದೇ ನಿಮಿಷ ಅಮ್ಮಾ" ಎಂದು ಅದರ ಮೇಲೆ ಒರಗಿದರೆ ಬೀದಿದೀಪ ಹತ್ತಿದ ಮೇಲೆಯೇ ಎದ್ದು ಕಣ್ಣುಜ್ಜುವುದು. ನಿನ್ನ ಮಾವ ಬದುಕಿದ್ದಾಗ ಅವರೂ ಬೈದರು, ಆಮೇಲೆ ನಾನು ಬೈದೆ. ಬೈದಷ್ಟೂ ಅವನು ಸಾಧುವಾದ. ಸಾಧುವಾದವನನ್ನು ಬೈದು ಬೈದು ನಮಗೇ ಬಾಯಿ ನೋವು.

ಈಗ ಸುದ್ದಿ. ನೀನು ಹೋಗಿ ಕೆಲವು ವಾರವಾಗಿರಬೇಕು. ಒಂದು ಬೆಳಿಗ್ಗೆ ಅವನ ಕುರ್ಚಿಯಲ್ಲಿ ಕೂರಲು ಹೋದೆ, ಕೈಗೆ ಏನೋ ತಣ್ಣಗೆ ತಗುಲಿತು. ಗಾಜು ಕೊಯ್ಯುವ ಕಟರು. ಅದರ ಜಾಗ ಗೋಡೆಯ ಮೊಳೆ, ನಿನ್ನ ಮಾವನ ಕಾಲದಿಂದಲೂ. "ಯಾಕೋ ಇದು ಕುರ್ಚಿ ಮೇಲೆ?" ಎಂದರೆ, "ಇರ್ಲಿ ಬಿಡಮ್ಮ, ಅದು ಅಲ್ಲೇ ಇರ್ಬೇಕು" ಎಂದ. ಅದನ್ನು ಕೈಗೆತ್ತಿಕೊಳ್ಳದೆ ಕೂರುವಂತಿಲ್ಲ, ಕೈಗೆತ್ತಿಕೊಂಡ ಮೇಲೆ ಸುಮ್ಮನೆ ಕೂರಲು ಆಗುವುದಿಲ್ಲ, ಅದು ಅವನ ಲೆಕ್ಕಾಚಾರವಂತೆ. ನನಗೆ ಅದು ಆಮೇಲೆ ತಿಳಿದದ್ದು. ಅವತ್ತು ನಾನು ಅಂದುಕೊಂಡದ್ದು, ಇವನು ಸಾಮಾನನ್ನೆಲ್ಲ ಗೋಡೆಯಿಂದ ಇಳಿಸುತ್ತಿದ್ದಾನೆ, ಅಂಗಡಿ ಯಾರಿಗೋ ಮಾರಲು ಹೊರಟಿದ್ದಾನೆ ಎಂದು. ಮರುವಾರ ಮಡಿಸುವ ಮಂಚ ಮಾಯ. ಕೇಳಿದರೆ ಬೀಗದವರ ಮನೆಗೆ ಕೊಟ್ಟನಂತೆ, ಅವರ ಅಳಿಯ ಬಂದಿದ್ದಾನಂತೆ. ಅಳಿಯ ಬಂದು ಹೋದ, ಮಂಚ ಬರಲಿಲ್ಲ. ನನ್ನ ಅನುಮಾನ ಗಟ್ಟಿಯಾಯಿತು.

ಆಮೇಲೆ ಬೆಳಗಿನ ಸದ್ದು ಶುರುವಾಯಿತು. ಕತ್ತಲು ಹರಿಯುವ ಹೊತ್ತಿಗೆ ಅಂಗಡಿಯ ಮುಂದಿನ ಕೋಣೆಯಲ್ಲಿ ಟಕ್, ಟಕ್ ಎಂದು ಮೊಳೆ ಕೀಳುವ ಸದ್ದು. ಗಮನಿಸು, ಹೊಡೆಯುವ ಸದ್ದಲ್ಲ, ಕೀಳುವ ಸದ್ದು. ನನ್ನ ಕಿವಿಗೆ ಪೊರೆ ಬಂದಿಲ್ಲ. ನಾನು ಸದ್ದು ಮಾಡದೆ ಎದ್ದು ಹೋದರೆ ಅವನು ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಪಿಸಪಿಸ. ನನ್ನನ್ನು ಕಂಡೊಡನೆ, "ಸರಿ, ಇವತ್ತಿಂದು ಆಯ್ತು, ಇಡ್ತೀನಿ" ಎಂದು ಇಟ್ಟುಬಿಟ್ಟ. ಇವತ್ತಿನದು ಏನು ಆಯಿತು? ಯಾರಿಗೆ ಹೇಳಿದ? ಕೇಳಿದರೆ ಟೀ ಕುಡಿದ. ಅದೂ ಒಂದು ವಿಚಿತ್ರ. ಮೊದಲು ಹಾಸಿಗೆಯಲ್ಲೇ ಟೀ ಕೇಳುತ್ತಿದ್ದವನು ಈಗ ಮೇಜಿನ ಮೇಲೆ ಒಂದು ಕಟ್ಟು ಮುಗಿಸಿ ಪಕ್ಕಕ್ಕಿಟ್ಟ ಮೇಲೆಯೇ ಲೋಟ ಮುಟ್ಟುತ್ತಾನೆ. ಟೀ ತಣ್ಣಗಾದರೂ ಮುಟ್ಟುವುದಿಲ್ಲ. ಗಿರಾಕಿಗಳ ಹತ್ತಿರ ಮಾತಾಡುವ ರೀತಿಯೂ ಬದಲಾಯಿತು. "ನಾಳೆ ಬನ್ನಿ" ಹೋಯಿತು. "ಇವತ್ತು ಆಗಲ್ಲ, ಗುರುವಾರ ಸಂಜೆ ಬನ್ನಿ" ಎನ್ನುತ್ತಾನೆ. ಗುರುವಾರ ಸಂಜೆ ಅವರು ಬಂದರೆ ಫೋಟೋ ಕಟ್ಟು ಹಾಕಿಸಿಕೊಂಡು, ಕಂದು ಕಾಗದ ಸುತ್ತಿಸಿಕೊಂಡು ಸಿದ್ಧವಾಗಿರುತ್ತದೆ. ಗಿರಾಕಿಗಳೇ ಗಾಬರಿಯಾಗುತ್ತಾರೆ. ಒಬ್ಬರು ನನ್ನ ಕಿವಿಯಲ್ಲಿ, "ಅಮ್ಮಾ, ಮಗನಿಗೆ ಹುಷಾರಿಲ್ವಾ?" ಎಂದು ಕೇಳಿದರು.

ನನಗೂ ಅದೇ ಭಯ, ಬಾಯಲ್ಲಿ ಹೇಳಲಿಲ್ಲ. ಇದ್ದಕ್ಕಿದ್ದಂತೆ ಮನುಷ್ಯ ಬಾಕಿ ಕೆಲಸವನ್ನೆಲ್ಲ ಮುಗಿಸಲು ಕೂತರೆ ಯಾರಿಗೆ ತಾನೇ ಭಯವಾಗುವುದಿಲ್ಲ? ರೋಗ ಇರಬಹುದು. ರೋಗ ಇಲ್ಲದಿದ್ದರೆ ಊರು ಬಿಡುವವನಿರಬಹುದು. ಎರಡೂ ಅಲ್ಲದಿದ್ದರೆ, ನೀನು ದೂರದಲ್ಲಿದ್ದೀಯ, ಗಂಡಸರ ವಿಷಯ, ಬೆಳಗಿನ ಪಿಸಪಿಸ ಬೇರೆ, ನಾನು ಏನು ಅಂದುಕೊಳ್ಳಬೇಕು? ನನ್ನ ಮಗ ಹಾಗಲ್ಲ, ಆದರೆ ನಿನ್ನ ಗಂಡನ ಬಗ್ಗೆ ನಾನು ಗ್ಯಾರಂಟಿ ಕೊಡಲಾರೆ. ಬೀಗದವರನ್ನು ಒಂದು ಕಣ್ಣಿಡಲು ಕೇಳಿದೆ. ಅವರು, "ನಿಮ್ಮ ಮಗ ಕೆಲಸ ಮಾಡ್ತಿದಾನೆ ಅಂತ ಪೊಲೀಸರಿಗೆ ಹೇಳ್ಬೇಕಾ?" ಎಂದು ಹಲ್ಲು ಕಿರಿದರು. ಅವರೂ ಅವನ ಕಡೆಯೇ.

ಕೊನೆಗೆ ನಾನೇ ಹೊರಟೆ. ಒಂದು ದಿನ ಬೆಳಿಗ್ಗೆ ಅವನು ನೀಲಿ ಅಂಗಿ ತೊಟ್ಟು, "ಇಲ್ಲೇ ಹೋಗಿ ಬರ್ತೀನಿ" ಎಂದು ಹೊರಟ. ನೀಲಿ ಅಂಗಿಯ ಹಿಂದೆಯೇ ನಡೆದೆ. ಮೂಲೆಯ ಔಷಧಿ ಅಂಗಡಿ ದಾಟಿದ, ನಾನೂ ದಾಟಿದೆ. ಸೇತುವೆ ಹತ್ತಿದ, ನಾನೂ ಹತ್ತಿದೆ. ಒಂದು ಮನೆಯ ಬಾಗಿಲಲ್ಲಿ ನಿಂತು ಗಂಟೆ ಒತ್ತಿದ. ಒಳಗಿನಿಂದ ಹೆಂಗಸಿನ ದನಿ ಬಂತು. ನನ್ನ ಸಿಟ್ಟು ನೆತ್ತಿಗೇರಿತು. "ಮನೇಲಿ ಹೆಂಡತಿ ಅಂತ ಒಬ್ಬಳಿದಾಳೆ, ಮರೆತೆಯಾ?" ಎಂದು ಹಿಂದಿನಿಂದ ಭುಜ ಹಿಡಿದು ತಿರುಗಿಸಿದೆ. ತಿರುಗಿದವರು ಯಾರೋ ಗ್ಯಾಸ್ ಒಲೆ ರಿಪೇರಿಯವರು, ಕೈಯಲ್ಲಿ ಸ್ಪ್ಯಾನರು. ಪಾಪ, "ಮರೆತಿಲ್ಲಮ್ಮಾ, ಈಗ ತಾನೇ ತಿಂಡಿ ಕೊಟ್ಟು ಕಳಿಸಿದಳು" ಎಂದರು. ನೀನು ನಗಬೇಡ. ಊರಿಗೆ ಊರೇ ಒಂದೇ ನೀಲಿಯ ಅಂಗಿ ತೊಟ್ಟರೆ ಯಾರಿಗಾದರೂ ಹೀಗೆಯೇ ಆಗುತ್ತದೆ.

ಮಧ್ಯದಲ್ಲಿ ಒಂದು ದಿನ ಅವನು ಏಳಲಿಲ್ಲ. ಬಿಸಿಲು ಬಂದರೂ ಹೊದಿಕೆಯೊಳಗೇ ಇದ್ದ, ಅವತ್ತಿನ ಗಿರಾಕಿಗೆ "ನಾಳೆ" ಎಂದುಬಿಟ್ಟ. ಸುಳ್ಳು ಯಾಕೆ ಹೇಳಲಿ, ನನಗೆ ಒಂದು ರೀತಿಯ ನೆಮ್ಮದಿ ಆಯಿತು. ನಮ್ಮ ಹಳೆಯ ನಾಳೆರಾಯ ವಾಪಸು ಬಂದ, ರೋಗವಿಲ್ಲ ರುಜಿನವಿಲ್ಲ. "ಮುಗೀತಾ ನಿನ್ನ ಆಟ?" ಎಂದೆ. ಅವನು ಸಂಕೋಚದಿಂದ ತಲೆ ಕೆರೆದುಕೊಂಡು, "ಒಂದು ದಿನ ತಪ್ಪಿದ್ರೆ ಪರವಾಗಿಲ್ಲ ಅಮ್ಮಾ, ಎರಡನೇ ದಿನ ತಪ್ಪಿಸ್ಬಾರ್ದು ಅಷ್ಟೇ" ಎಂದ. ಮಾರನೇ ಬೆಳಿಗ್ಗೆ ಮತ್ತೆ ಟಕ್, ಟಕ್. ಈ ಮಾತು ನನ್ನ ಮಗನ ತಲೆಯಿಂದ ಹುಟ್ಟಿದ್ದಲ್ಲ. ಅವನನ್ನು ಹೆತ್ತವಳು ನಾನು, ಆ ತಲೆಯಲ್ಲಿ ಏನಿದೆ ಏನಿಲ್ಲ ನನಗೆ ಗೊತ್ತು. ನಿಲ್ಲಿಸಿ ಕೇಳಿದೆ. "ಯಾರೋ ಕಲಿಸ್ತಿರೋದು ನಿನಗೆ?" ಅವನು ಕೈ ಮುಂದೆ ಮಾಡಿ ಒಂದೇ ಒಂದು ಬೆರಳನ್ನು ಮಡಿಸಿ ಬಿಡಿಸಿ ತೋರಿಸಿದ.

ಅಲ್ಲಿಗೆ ನೀನು ಸಿಕ್ಕಿಬಿದ್ದೆ. ಬೀಗದವರಿಗೆ ಎಡಗೈ ಸ್ವಾಧೀನ ತಪ್ಪಿದ್ದಾಗ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿಕೊಂಡು ನೀನು ಹೇಳುತ್ತಿದ್ದದ್ದು ನನಗೆ ಇನ್ನೂ ಕಿವಿಯಲ್ಲಿದೆ. "ಕೈ ಎತ್ತೋ ಯೋಚನೆ ಬೇಡ ಮಾವ, ಇವತ್ತು ಒಂದು ಬೆರಳು. ಅದು ಆಯ್ತಾ, ನನಗೆ ಹೇಳಿ, ಸಾಕು." ಅದೇ ಪಾಠವನ್ನು ಗಂಡನಿಗೆ ಫೋನಿನಲ್ಲಿ ನಡೆಸಿದ್ದೀಯ. ರಾಶಿ ನೋಡಬೇಡ, ಒಂದು ಫೋಟೋ ನೋಡು. ಅದು ಮುಗಿದರೆ ನನಗೆ ಹೇಳು. ಕೈಗೆ ತಗುಲುವ ಜಾಗದಲ್ಲಿ ಕಟರು ಇಡು, ಮೈ ಒರಗುವ ಜಾಗದಲ್ಲಿ ಮಂಚ ಇಡಬೇಡ. ಜೀವಮಾನವೆಲ್ಲ ನಾವು ಬೈದು ಮಾಡಲಾಗದ್ದನ್ನು ನೀನು ಒಂದು ಬೆರಳಲ್ಲಿ ಮಾಡಿದೆ ಎಂದರೆ ನನಗೆ ಸಂತೋಷವಾಗಬೇಕು ಅಲ್ಲವೇ? ಆಗಲಿಲ್ಲ. ನನ್ನ ಮೊದಲನೆಯ ಯೋಚನೆ, ಇವಳಿಗೆ ಇದರಲ್ಲಿ ಏನು ಲಾಭ ಎಂಬುದು. ಎರಡನೆಯ ಯೋಚನೆಗೆ ಉತ್ತರ ಸಿಕ್ಕಿತು. ನನ್ನ ಕಣ್ಣು. ಬಾಗಿಲಲ್ಲಿ ನಾನು ಆಡಿದ ಮಾತನ್ನು ಹಿಡಿದುಕೊಂಡು, ನನ್ನನ್ನು ಆಸ್ಪತ್ರೆಯ ಮೇಜಿನ ಮೇಲೆ ಮಲಗಿಸಲು ಗಂಡನನ್ನು ರಿಪೇರಿ ಮಾಡಿದ್ದೀಯ. ಇದನ್ನೇ ನಾನು ಕೇಳಬೇಕೆಂದಿದ್ದದ್ದು. ಹೌದೋ ಅಲ್ಲವೋ?

ಉತ್ತರ ಬರುವುದರೊಳಗೆ ಮುಂದಿನದನ್ನೂ ಹೇಳಿಬಿಡುತ್ತೇನೆ. ಕೆಲವು ವಾರದ ಶಿಸ್ತನ್ನು ನಂಬಿ ಕಣ್ಣು ಒಡ್ಡುವಷ್ಟು ದಡ್ಡಿ ನಾನಲ್ಲ. ಹಳೆಯ ರಾಶಿ ಪೂರ್ತಿ ಮುಗಿಯಲಿ ಎಂದೆ. ಮುಗಿಸಿದ. ಹಿಂದಿನ ಕೋಣೆಯ ಗೋಡೆ ಕಾಣಿಸಿತು, ಅದಕ್ಕೆ ಹಸಿರು ಬಣ್ಣ ಬಳಿದಿದ್ದೆವು ಎಂಬುದೇ ನನಗೆ ಮರೆತುಹೋಗಿತ್ತು. ದೊಡ್ಡ ಕೆಲಸ ಒಂದು ಒಬ್ಬನೇ ಮಾಡಿ ತೋರಿಸಲಿ ಎಂದೆ. ಶಾಲೆಯವರ ದೊಡ್ಡ ಕನ್ನಡಿ ಒಪ್ಪಿಕೊಂಡ. ಬಿಸಿಲು ಕಡಿಮೆಯಾಗಲಿ ಎಂದೆ. ಕಡಿಮೆಯಾಯಿತು. ಸೊಸೆ ರಜೆಗೆ ಬರಲಿ ಎಂದೆ. ಅವನು ವಾದ ಮಾಡಲಿಲ್ಲ. ಗಿರಾಕಿಗಳು ಅವನನ್ನು ಕೇಳುತ್ತಿದ್ದ ಹಾಗೆಯೇ, ಅದೇ ದನಿಯಲ್ಲಿ, "ಹಾಗಾದ್ರೆ ಯಾವ ದಿನ ಬರ್ಲಿ ಹೇಳಮ್ಮ" ಎಂದ. ಆಸ್ಪತ್ರೆಗೆ ಕರೆದುಕೊಂಡು ಹೋಗಲು ಯಾವ ದಿನ ಎಂದು ಅವನ ಪ್ರಶ್ನೆ. "ನೋಡೋಣ" ಎಂದು ಒಳಗೆ ಹೋದೆ.

ಅವನು ಶಾಲೆಯ ಕನ್ನಡಿ ನಿಲ್ಲಿಸಲು ಹೋದ ದಿನ ನಡೆದದ್ದನ್ನು ಬರೆಯಲು ನನಗೆ ಮನಸ್ಸಿಲ್ಲ. ಆದರೆ ಅವನು ಹೇಳಿ ನಿನಗೆ ಗೊತ್ತಾಗುವುದಕ್ಕಿಂತ ನಾನೇ ಹೇಳುವುದು ಮೇಲು. ಹಿಂದಿನ ಸಂಜೆ ಅವನು ಗಾಜು ತರಲು ಹೋಗಿದ್ದಾಗ ಮೇಜಿನ ಮೇಲೆ ಎರಡು ಫೋಟೋ ಇದ್ದವು, ಎರಡೂ ಒಂದೇ ಅಳತೆ. ಒಂದು ಬಸ್ ಕಂಡಕ್ಟರರ ತಂದೆಯದು. ಇನ್ನೊಂದು ಪಕ್ಕದ ಬೀದಿಯ ಬಟಾಣಿ ಅಜ್ಜಿಯ, ಈಚೆಗೆ ತೀರಿಕೊಂಡ ಯಜಮಾನರದು, ಅದೇ, ಪಾರ್ಕಿನ ಗೇಟಿನಲ್ಲಿ ಇಬ್ಬರೂ ಕೂತು ಹುರಿದ ಬಟಾಣಿ ಮಾರುತ್ತಿದ್ದರಲ್ಲ, ಅವರು. ಎರಡನ್ನೂ ನಾನೇ ಕಟ್ಟು ಹಾಕಿ, ಕಾಗದ ಸುತ್ತಿ, ಬಂದವರಿಗೆ ಕೊಟ್ಟೆ. ಬೆಳಿಗ್ಗೆ ಅಜ್ಜಿ ಕಟ್ಟನ್ನು ಎದೆಗವಚಿಕೊಂಡು ಬಂದು, ಬಾಗಿಲಲ್ಲೇ ನಿಂತು, "ಇವರು ನಮ್ಮನೆಯವರಲ್ಲ ಅನ್ಸತ್ತೆ, ಒಂಚೂರು ನೋಡ್ತೀರಾ?" ಎಂದರು. ನಾನು ನೋಡಿದೆ. ಮೀಸೆ ಇತ್ತು, ಕನ್ನಡಕ ಇತ್ತು. "ಫೋಟೋ ದೊಡ್ಡದು ಮಾಡಿಸಿದ್ರೆ ಮುಖ ಬೇರೆ ಥರ ಕಾಣತ್ತೆ. ಗಾಜಿನ ಹೊಳಪೂ ಇದೆ. ಸರಿಯಾಗಿ ನೋಡಿ, ಅವರೇ" ಎಂದೆ. ನನ್ನ ದನಿ ನಿನಗೆ ಗೊತ್ತಲ್ಲ. ಅಜ್ಜಿ ಮತ್ತೊಮ್ಮೆ ನೋಡಿ, "ನೀವು ಹೇಳಿದ್ಮೇಲೆ ಸರಿ" ಎಂದು ಹೋದರು. ಈ ವಯಸ್ಸಿನಲ್ಲಿ ಹೊಸ ಕಟ್ಟು ಪುಕ್ಕಟೆ ಗಿಟ್ಟಿಸಲು ನಾಟಕ ಎಂದುಕೊಂಡೆ. ಹಾಗೆಂದುಕೊಂಡೆ, ಬರೆಯುತ್ತಿದ್ದೇನೆ ನೋಡು.

ಮಧ್ಯಾಹ್ನ ಕಂಡಕ್ಟರರು ಬಂದರು. ಅವರದು ಅಜ್ಜಿಯ ದನಿಯಲ್ಲ. "ನಮ್ಮಪ್ಪನ ಬದಲಿಗೆ ಯಾರನ್ನೋ ಕಳಿಸಿದೀರಲ್ರೀ, ನಾನು ಯಾರನ್ನ ಅಪ್ಪ ಅನ್ಲಿ?" ಎಂದು ಬೀದಿಗೆ ಕೇಳುವಂತೆ ಕೂಗಿದರು. ಅಷ್ಟರಲ್ಲಿ ಶಾಲೆಯಿಂದ ನಿನ್ನ ಗಂಡ ಬಂದ. ಫೋಟೋ ಕೈಗೆ ತೆಗೆದುಕೊಂಡ, ನನ್ನ ಮುಖ ನೋಡಿದ, "ತಪ್ಪು ನಂದು ಸಾರ್, ಗಡಿಬಿಡೀಲಿ ಅದಲುಬದಲು ಮಾಡ್ಬಿಟ್ಟೆ" ಎಂದ. ನನ್ನೊಳಗೆ ಏನೋ ಖುಷಿಯಾಯಿತು. ನೋಡಿದೆಯಾ, ಶಿಸ್ತಂತೆ ಶಿಸ್ತು, ಎಂದು ಬಾಯಿ ತೆರೆದೇ ಬಿಟ್ಟಿದ್ದೆ. ಅವನು ಕಟ್ಟನ್ನು ಬೋರಲು ಹಾಕಿ ನನ್ನ ಮುಂದೆ ಇಟ್ಟ. ಅಭ್ಯಾಸದಂತೆ ಬೆರಳು ಹಿಂದಿನ ಕಂದು ಕಾಗದದ ಮೂಲೆ ಸವರಿತು. ಮೂಲೆ ಮಡಚಿ ಅಂಟಿಸಿತ್ತು. ನಮ್ಮ ಅಂಗಡಿಯಲ್ಲಿ ಕಾಗದದ ಮೂಲೆಯನ್ನು ಮಡಚಿ ಅಂಟಿಸುವವಳು ನಾನೊಬ್ಬಳೇ, ಮದುವೆಯಾಗಿ ಬಂದ ಹೊಸತರಲ್ಲಿ ನಿನ್ನ ಮಾವ ಕೈ ಹಿಡಿದು ಕಲಿಸಿದ್ದು. ಮಗನಿಗೆ ಅಷ್ಟು ತಾಳ್ಮೆಯಿಲ್ಲ, ಅವನು ಬ್ಲೇಡಿನಿಂದ ಕತ್ತರಿಸುತ್ತಾನೆ. ಕಣ್ಣು ಏನಾದರೂ ಹೇಳಲಿ, ನನ್ನ ಬೆರಳು ನನಗೆ ಸುಳ್ಳು ಹೇಳುವುದಿಲ್ಲ. ತೆರೆದ ಬಾಯಿ ಮುಚ್ಚಿಕೊಂಡೆ. ಕೆಲಸ ನನ್ನದು ಎಂದು ಅವನಿಗೆ ಮೊದಲೇ ಗೊತ್ತಿತ್ತು, ಆದರೂ ಗಿರಾಕಿಯ ಎದುರು ತನ್ನದೆಂದ.

ಸಂಜೆ ಸರಿಯಾದ ಫೋಟೋ ಹಿಡಿದುಕೊಂಡು ನಾನೇ ಅಜ್ಜಿಯ ಮನೆಗೆ ಹೋದೆ. ಅವನು ಬರುತ್ತೇನೆ ಎಂದ, ಬೇಡ ಎಂದೆ. ಕಡಿದಾದ ಮೆಟ್ಟಿಲು, ಒಂದೇ ಕೋಣೆ, ಕಿಟಕಿಯಲ್ಲಿ ಬಟಾಣಿಯ ಖಾಲಿ ಡಬ್ಬ. ಗೋಡೆಯ ಮೇಲೆ ಕಂಡಕ್ಟರರ ತಂದೆಯನ್ನು ನೇತುಹಾಕಿ ಅಜ್ಜಿ ಅದರ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೆಳಿಗ್ಗೆಯಿಂದಲೂ ಹಾಗೆಯೇ ಕೂತಿದ್ದಾರೆ ಎಂದು ಪಕ್ಕದ ಮನೆಯಾಕೆ ಹೇಳಿದಳು. ನಾನು ಸರಿಯಾದದ್ದನ್ನು ಕೈಗೆ ಕೊಟ್ಟೆ. ಅದನ್ನು ನೋಡಿ ಅವರು ನನ್ನನ್ನು ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. "ಸದ್ಯ" ಎಂದರು. "ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲಮ್ಮಾ, ನನಗೂ ಅನುಮಾನ ಬಂತು. ಇಷ್ಟು ಬೇಗ ಮುಖ ಮರೆತುಬಿಟ್ನಾ ಅಂತ. ನೋಡಿ ನೋಡಿ ನೆನಪು ಮಾಡ್ಕೊಳ್ಳೋಣ ಅಂತ ಕೂತಿದ್ದೆ." ನಾನು ಮೊಳೆಯ ಮೇಲಿನ ಫೋಟೋ ಇಳಿಸಿ ಅವರ ಯಜಮಾನರನ್ನು ನೇತುಹಾಕಿದೆ. ಕ್ಷಮಿಸಿ ಎಂಬ ಮಾತು ನನ್ನ ಬಾಯಿಗೆ ರೂಢಿಯಿಲ್ಲ, ತಡವರಿಸಿತು, ಆದರೆ ಹೇಳಿದೆ.

ಮಾರನೇ ಬೆಳಿಗ್ಗೆ ಟಕ್ ಎಂಬ ಮೊದಲ ಸದ್ದಿಗೇ ಎದ್ದು ಹೋಗಿ ಅವನ ಮೇಜಿನ ಹತ್ತಿರ ನಿಂತೆ. ಅವನ ಕೈಯಲ್ಲಿ ನಾನು ಹಿಂದಿನ ದಿನ ಮುಗಿಸಿದ್ದ ಕಟ್ಟು, ಮೊಳೆ ಕಿತ್ತು ಬಿಚ್ಚಿದ್ದ. ಕಣ್ಣಿಗೆ ತಗುಲುವಷ್ಟು ಹತ್ತಿರ ಹಿಡಿದು ನೋಡಿದೆ. ಫೋಟೋ ಒಂದು ಕಡೆ ವಾಲಿತ್ತು. "ಯಾವಾಗಿಂದ ಬಿಚ್ಚಿ ಮಾಡ್ತಿದೀಯ?" ಎಂದೆ. ಅವನು ತಲೆ ಎತ್ತಲಿಲ್ಲ. "ಶುರು ಮಾಡಿದ್ದೇ ಇದರಿಂದ ಅಮ್ಮಾ. ಗಿರಾಕಿ ಬರೋಕೆ ಮುಂಚೆ ನಿಂದು ಒಂದು ಸರಿ ಮಾಡಿಡ್ಲೇಬೇಕಿತ್ತು, ಅದಕ್ಕೆ ನಾಳೆ ಅನ್ನೋಕಾಗಲ್ವಲ್ಲ. ಹೇಗೂ ಕೂತಿದೀನಿ ಅಂತ ನಂದೂ ಒಂದು ಮಾಡ್ದೆ. ಹಾಗೇ ರೂಢಿ ಆಯ್ತು." ನನಗೆ ಯಾಕೆ ಹೇಳಲಿಲ್ಲ ಎಂದರೆ, "ಹೇಳಿದ್ರೆ ನಂಬ್ತಿದ್ಯಾ?" ಎಂದ. ನಾನು ಒಳಗೆ ಹೋಗಿ ಟೀ ಮಾಡಿ ತಂದು ಮೇಜಿನ ಮೇಲಿಟ್ಟೆ, ಆ ಒಂದನ್ನು ಅವನು ಮುಗಿಸುವ ತನಕ ನನ್ನ ಲೋಟವನ್ನೂ ಮುಟ್ಟಲಿಲ್ಲ.

ಆಸ್ಪತ್ರೆಯ ಚೀಟಿ ನನ್ನ ಕುರ್ಚಿಯ ಮೇಲಿಟ್ಟಿದ್ದೇನೆ. ಅವನಿಡಲಿಲ್ಲ, ನಾನೇ ಇಟ್ಟದ್ದು. ಅದನ್ನು ಎತ್ತಿಕೊಳ್ಳದೆ ಕೂರುವಂತಿಲ್ಲ. ನಿನ್ನೆಯಿಂದ ಸ್ಟೂಲಿನ ಮೇಲೆ ಕೂರುತ್ತಿದ್ದೇನೆ, ಈ ಕಾಗದವನ್ನೂ ಸ್ಟೂಲಿನ ಮೇಲೆಯೇ ಬರೆಯುತ್ತಿರುವುದು. ಸೊಂಟ ನೋಯುತ್ತಿದೆ. ಈ ಉಪಾಯ ಕೆಲಸ ಮಾಡುತ್ತದೆಂದು ನನಗೆ ನಂಬಿಕೆಯಿಲ್ಲ, ಸುಮ್ಮನೆ ಪರೀಕ್ಷೆಗೆ ಇಟ್ಟಿದ್ದೇನೆ. ಆ ಡಾಕ್ಟರ ಬಗ್ಗೆಯೂ ವಿಚಾರಿಸಬೇಕು. ನೋವೇ ಆಗುವುದಿಲ್ಲ ಎಂದು ಅಷ್ಟು ಸಲ ಹೇಳುವವರನ್ನು ನಾನು ನಂಬುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಪರೀಕ್ಷೆಗೆ ಓದುವುದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡ, ಗಂಡನಿಗೆ ಹೇಳುವ ಪಾಠ ನಿನಗೂ ಅನ್ವಯಿಸುತ್ತದೆ. ಬೀಗದವರು ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದರು, ಎಡಗೈಯಿಂದ ಈಗ ಬೀಗದ ಕೈ ತಿರುಗಿಸುತ್ತಾರೆ. ನಿನ್ನ ಓದಿಗೂ ಕೈಗುಣಕ್ಕೂ ಒಳ್ಳೆಯದಾಗಲಿ.

ಇತಿ,
ನಿನ್ನ ಅತ್ತೆ

ಮತ್ತೆ: ಈ ಕಾಗದವನ್ನು ಅಂಚೆಗೆ ಹಾಕಲು ತಡವಾಯಿತು. ಸೊಂಟದ ನೋವು ತಾಳಲಾರದೆ ಸೋಮವಾರ ಚೀಟಿ ಎತ್ತಿಕೊಂಡೆ, ಎತ್ತಿಕೊಂಡ ಮೇಲೆ ಕೈಯಲ್ಲಿ ಹಿಡಿದು ಸುಮ್ಮನೆ ಕೂರಲು ಆಗಲಿಲ್ಲ. ಬಲಗಣ್ಣು ಆಗಿದೆ. ನೋವಾಗಲಿಲ್ಲ. ಎಡಗಣ್ಣಿಗೂ ದಿನ ಗೊತ್ತು ಮಾಡಿಕೊಂಡೇ ಬಂದಿದ್ದೇವೆ, ನೀನು ಕೇಳುವ ಮೊದಲೇ ಹೇಳಿದ್ದೇನೆ. ಅಂಗಡಿ ಅವನೊಬ್ಬನೇ ನಡೆಸುತ್ತಿದ್ದಾನೆ, ನಾನು ಬಾಗಿಲಾಚೆ ಕೂತು ಗಿರಾಕಿಗಳನ್ನು ಕಾಯುತ್ತೇನೆ. ಈ ಕಾಗದವನ್ನು ಇವತ್ತು ತೆಗೆದು ನೋಡಿದರೆ ಉದ್ದಕ್ಕೂ ಗೆರೆ ಇದೆ. ನೀಲಿ ಗೆರೆ, ಎದ್ದು ಕಾಣುವಂಥದ್ದು, ನನ್ನ ಅಕ್ಷರ ಅದರ ಮೇಲೆ ಒಂದೂ ಕೂತಿಲ್ಲ. ಕಾಗದದ ಅಂಗಡಿಯವನಿಗೆ ನಾನು ಆಡಿದ್ದನ್ನು ಹೇಳಬೇಡ. ನಿಮ್ಮ ಮದುವೆಯ ಫೋಟೋಗೂ ಕಟ್ಟು ಬಿತ್ತು, ನನ್ನ ಹಾಸಿಗೆಯ ಎದುರಿನ ಗೋಡೆಯ ಮೇಲೆ ಇದೆ. ಹಿಂದೆ ಬೆರಳಾಡಿಸಿ ನೋಡಿದೆ, ಮೂಲೆ ಮಡಚಿದ್ದಾನೆ. ಫೋಟೋದಲ್ಲಿ ನಿನ್ನ ಗಲ್ಲದ ಎಡಗಡೆ ಒಂದು ಸಣ್ಣ ಮಚ್ಚೆ ಇದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಯಾರೂ ಹೇಳಲಿಲ್ಲ. ರಜೆ ಸಿಕ್ಕಿದ ಕೂಡಲೇ ಬಾ, ಮುಂದಿನ ರೈಲು ಎನ್ನಬೇಡ. ಬೆಳಕಿನಲ್ಲಿ ಕೂರಿಸಿಕೊಂಡು ಒಂದು ಸಲ ಸರಿಯಾಗಿ ನೋಡಬೇಕು, ನನ್ನಿಂದ ಇನ್ನೇನೇನು ಮುಚ್ಚಿಟ್ಟಿದ್ದೀರೋ.